ಹಾಯಿಯಿಂದ ಎಂಜಿನ್ನಿಗೆ: ಬಂದರಿನ ಬಾಯಲ್ಲಿ ನಿಂತುಹೋದ ಒಂದು ಔಟ್‌ಬೋರ್ಡ್‌ನ ಪ್ರಕರಣ

ಈ ಪ್ರಕರಣದಲ್ಲಿ ಯಾರಿಗೂ ಗಾಯವಾಗಲಿಲ್ಲ, ದೋಣಿ ಒಡೆಯಲಿಲ್ಲ, ಎಂಜಿನ್ ನಿಂತುಹೋಗುವುದಕ್ಕೆ ಕಾರಣವಾಗುವಂಥ ದೋಷವೂ ಅದರೊಳಗೆ ಇರಲಿಲ್ಲ. ಆದರೂ ಮೂರು ನಾಲ್ಕು ನಿಮಿಷಗಳೊಳಗೆ ಒಂದು ಒಳ್ಳೆಯ ಹಾಯಿದೋಣಿ, ಹಾಯಿಯೂ ಇಲ್ಲದೆ ಎಂಜಿನ್ನೂ ಇಲ್ಲದೆ, ಕಲ್ಲಿನ ಅಲೆತಡೆ ಗೋಡೆಯ ಕಡೆಗೆ ತೇಲಿಹೋಯಿತು. ದೋಣಿಯ ಹಿಂಬದಿಯ ಹೊರಗೆ ಕೂರಿಸುವ ಸಣ್ಣ ಔಟ್‌ಬೋರ್ಡ್ ಎಂಜಿನ್ನನ್ನು ಸುರಕ್ಷಿತವಾಗಿ ನಡೆಸುವುದೆಂದರೆ ಅದನ್ನು ಚಾಲೂ ಮಾಡಲು, ಗೇರ್ ಹಾಕಲು, ನಿಲ್ಲಿಸಲು ಕಲಿಯುವುದಷ್ಟೇ ಎಂದು ಭಾವಿಸುವವರು ಅನೇಕರಿದ್ದಾರೆ. ಹಾಯಿದೋಣಿಯ ಮಟ್ಟಿಗೆ ಅಪಾಯದ ಹೊತ್ತು ಬೇರೆಯೇ ಇದೆ: ಗಾಳಿಯ ಬಲವನ್ನು ಬಿಟ್ಟು ಎಂಜಿನ್ನಿನ ಬಲಕ್ಕೆ ಹೊರಳುವ ಆ ಕೆಲವು ನಿಮಿಷಗಳು. ಈ ಬರಹದ ಕೇಂದ್ರ ಅದೇ.

ದೋಣಿ, ಎಂಜಿನ್, ಗಾಳಿ

ದೋಣಿ ಆರೂಮುಕ್ಕಾಲು ಮೀಟರ್ ಉದ್ದದ್ದು, ಒಂದೇ ಹಾಯಿಕಂಬದ್ದು, ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಹಿಂಬದಿಯ ಹಲಗೆಯ ಎಡಭಾಗದಲ್ಲಿ, ಏರಿಸಿ ಇಳಿಸಬಹುದಾದ ಚೌಕಟ್ಟಿನ ಮೇಲೆ, 6 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಎಂಜಿನ್ನೊಂದನ್ನು ಕೂರಿಸಲಾಗಿತ್ತು. ಅದು ಗಿಡ್ಡ ಕಾಲಿನ ಮಾದರಿ; ಕಾಲೆಂದರೆ ಪ್ರೊಪೆಲ್ಲರ್ ಹೊತ್ತು ನೀರಿಗಿಳಿಯುವ ಭಾಗ. ಔಟ್‌ಬೋರ್ಡ್‌ಗಳ ಕಾಲುಗಳು ಸಾಮಾನ್ಯವಾಗಿ 15, 20 ಮತ್ತು 25 ಅಂಗುಲದ ಅಳತೆಗಳಲ್ಲಿ ಬರುತ್ತವೆ. 15 ಅಂಗುಲದ್ದು ತಗ್ಗಾದ ಹಿಂಬದಿಯ ರಬ್ಬರ್ ದೋಣಿಗಳಿಗೂ ಸಣ್ಣ ಮೀನುಗಾರಿಕೆ ದೋಣಿಗಳಿಗೂ ಹೊಂದುವಂಥದ್ದು. ಹಾಯಿದೋಣಿಗೆ 20 ಅಥವಾ 25 ಅಂಗುಲದ್ದು ಬೇಕೆಂಬುದು ಯಜಮಾನರಿಗೆ ಗೊತ್ತಿತ್ತು, ಆದರೆ ಎಂಜಿನ್ ಹಳೆಯ ದೋಣಿಯ ಜೊತೆಗೇ ಬಂದದ್ದರಿಂದ ಅದನ್ನೇ ಬಳಸುತ್ತಿದ್ದರು.

ಪೆಟ್ರೋಲ್ ಟ್ಯಾಂಕ್ ಎಂಜಿನ್ನಿನ ಮೇಲುಹೊದಿಕೆಯ ಒಳಗೇ ಇದ್ದು ಒಂದೂಕಾಲು ಲೀಟರಿನಷ್ಟು ಹಿಡಿಯುತ್ತಿತ್ತು. ಈ ಗಾತ್ರದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಹೆಚ್ಚುಕಡಿಮೆ ಎರಡು ಲೀಟರ್ ಕುಡಿಯುವುದರಿಂದ, ತುಂಬಿದ ಟ್ಯಾಂಕ್ ಎಂದರೆ ಮುಕ್ಕಾಲು ಗಂಟೆಯೂ ಪೂರ್ತಿಯಾಗದ ಓಟ. ಹೆಚ್ಚುವರಿ ಪೆಟ್ರೋಲ್ ಐದು ಲೀಟರಿನ ಡಬ್ಬಿಯಲ್ಲಿ ಬೇರೆಯಾಗಿತ್ತು. ಇಂಥ ದೋಣಿಯ ನೀರುಮಟ್ಟದ ಉದ್ದ ಐದೂವರೆ ಮೀಟರಿನ ಆಸುಪಾಸು ಇರುತ್ತದೆ, ಅದರ ಸಹಜ ವೇಗದ ಮಿತಿ ಐದೂಮುಕ್ಕಾಲು ನಾಟ್‌ಗೆ ಹತ್ತಿರ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಅಲ್ಲಿಂದಾಚೆಗೆ ಥ್ರಾಟಲ್ ಎಷ್ಟು ತಿರುಗಿಸಿದರೂ ಹಿಂಬದಿ ಕುಸಿದು ಅಲೆ ದೊಡ್ಡದಾಗುತ್ತದೆಯೇ ಹೊರತು ದೋಣಿ ಮುಂದೆ ಹಾರುವುದಿಲ್ಲ. ದಿಕ್ಕು ತಿರುಗಿಸುವುದಕ್ಕೆ ದೋಣಿಯ ಚುಕ್ಕಾಣಿಯನ್ನೇ ಬಳಸುತ್ತಿದ್ದುದರಿಂದ ಎಂಜಿನ್ನನ್ನು ನೇರಕ್ಕೆ ಬಿಗಿದು ಬಿಡುವುದು ರೂಢಿಯಾಗಿತ್ತು. ಈ ರೂಢಿಯ ಪರಿಣಾಮ ಮುಂದೆ ಕಾಣುತ್ತದೆ.

ದೋಣಿಯಲ್ಲಿ ಇದ್ದವರು ಇಬ್ಬರು: ವರ್ಷಗಳ ಅನುಭವವಿದ್ದ ಯಜಮಾನರು, ಮತ್ತು ಹಾಯಿದೋಣಿ ಹತ್ತಲು ಈಚೆಗೆ ತೊಡಗಿದ್ದ ಅವರ ಕಿರಿಯ ಗೆಳೆಯ. ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದರು. ಬೆಳಿಗ್ಗೆ ಗಾಳಿ ಮೆಲ್ಲಗಿತ್ತು. ಕೆಲವೇ ನಿಮಿಷ ಎಂಜಿನ್ ನಡೆಸಿ ಹೊರಗೆ ಬಂದು, ಹಾಯಿ ಏರಿಸಿ, ಎಂಜಿನ್ನನ್ನು ಮೇಲಕ್ಕೆ ಮಡಚಿಟ್ಟಿದ್ದರು. ಮಡಚುವ ಮುನ್ನ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಬಿಗಿ ಮಾಡಿದ್ದರು. ಅದು ಸರಿಯಾದ ಕ್ರಮವೇ. ಇಲ್ಲದಿದ್ದರೆ ಓರೆಯಾದ ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತದೆ. ಮಧ್ಯಾಹ್ನದ ನಂತರ ಸಮುದ್ರದ ಕಡೆಯಿಂದ ಗಾಳಿ ಬಲಿತು 18 ನಾಟ್ ಮುಟ್ಟಿತು, ಅದೂ ನೇರವಾಗಿ ದಡದತ್ತ. ಬಂದರಿನ ಬಾಯಿ ಎರಡು ಕಲ್ಲುಗೋಡೆಗಳ ನಡುವೆ ಪಕ್ಕಕ್ಕೆ ತೆರೆದುಕೊಂಡಿತ್ತು. ಒಳಗೆ ಹೋಗಬೇಕಾದರೆ ಗೋಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಸಾಗಲೇಬೇಕು, ಅಷ್ಟು ಹೊತ್ತೂ ಗಾಳಿ ದೋಣಿಯನ್ನು ಗೋಡೆಯತ್ತಲೇ ನೂಕುತ್ತಿರುತ್ತದೆ.

ನಡೆದದ್ದು

ಬಂದರಿನ ಬಾಯಿಗೆ ಮುನ್ನೂರು ಮೀಟರ್ ಇರುವಾಗ ಯಜಮಾನರು ಎಂಜಿನ್ನನ್ನು ನೀರಿಗಿಳಿಸಿ, ಚೋಕ್ ಎಳೆದು, ಹಗ್ಗ ಜಗ್ಗಿ ಚಾಲೂ ಮಾಡಿದರು. ಎಂಜಿನ್ ಹಿಡಿಯಿತು. ಚಾಲಕ ನೀರಿಗೆ ಬಿದ್ದರೆ ಎಂಜಿನ್ನನ್ನು ನಿಲ್ಲಿಸುವ ದಾರವಾದ ಕಿಲ್ ಕಾರ್ಡ್‌ನ ಕ್ಲಿಪ್ ತನ್ನ ಗುಂಡಿಯ ಹಿಂದೆ ಕೂತಿತ್ತು, ಆದರೆ ಸುರುಳಿಯಾದ ಅದರ ದಾರ ಯಾರ ಮೈಗೂ ಸಿಕ್ಕಿಸದೆ ಎಂಜಿನ್ನಿನ ಮೇಲೆಯೇ ನೇತಾಡುತ್ತಿತ್ತು. ದೋಣಿಯ ಮೂತಿಯನ್ನು ಗಾಳಿಗೆದುರು ಮಾಡಿ, ಗೆಳೆಯನನ್ನು ಮುಂದಿನ ಹಾಯಿ ಇಳಿಸಲು ಕಳಿಸಿದರು. ಆತ ಮೂತಿಗೆ ಹೋದೊಡನೆ ಹಿಂಬದಿ ಮೇಲೆದ್ದು, ಎರಡು ಮೂರು ಅಲೆಗಳಲ್ಲಿ ಪ್ರೊಪೆಲ್ಲರ್ ನೀರಿನಿಂದ ಹೊರಬಂದು ಎಂಜಿನ್ ಕಿರುಚಿತು. ಯಜಮಾನರು ಹಿಂದಕ್ಕೆ ಬಾಗಿ ಥ್ರಾಟಲ್ ತಗ್ಗಿಸಿದರು. ಆ ಹೊತ್ತಿನಲ್ಲಿ ಮೂತಿಯ ಕಡೆ ಅವರ ಗಮನವಿರಲಿಲ್ಲ. ಮುಂದಿನ ಹಾಯಿ ಇಳಿಯಿತು. ಅದನ್ನು ಹಿಡಿದೆಳೆಯುವ ಎರಡು ಶೀಟ್ ಹಗ್ಗಗಳಲ್ಲಿ ಒಂದರ ತುದಿ ಎಡಬದಿಯಿಂದ ನೀರಿಗೆ ಜಾರಿದ್ದನ್ನು ಇಬ್ಬರೂ ನೋಡಲಿಲ್ಲ. ಅದರ ಬೆನ್ನಿಗೇ ದೊಡ್ಡ ಹಾಯಿಯನ್ನೂ ಇಳಿಸಿ, ಹಾಯಿಯ ಬುಡದ ಅಡ್ಡಕಂಬವಾದ ಬೂಮಿನ ಮೇಲೆ ಐದಾರು ಕಡೆ ಬಿಗಿಯಾಗಿ ಕಟ್ಟಿ, ಏರಿಸುವ ಹಗ್ಗವನ್ನು ಹಾಯಿಯಿಂದ ಬಿಚ್ಚಿ ಕಂಬಕ್ಕೆ ಸಿಕ್ಕಿಸಿದರು. ಅಚ್ಚುಕಟ್ಟಾಗಿ ಬಂದರು ಸೇರಬೇಕೆಂಬ ಆಸೆ ಅದರಲ್ಲಿತ್ತು.

ಗೋಡೆಯಿಂದ ನೂರೈವತ್ತು ಮೀಟರ್ ದೂರದಲ್ಲಿ ಎಂಜಿನ್ನಿನ ದನಿ ಏರಿ ಇಳಿದು, ಮತ್ತೆ ಏರಿ, ಸೊರಗಿ ನಿಂತಿತು. ಹಗ್ಗ ಜಗ್ಗಿದಾಗ ಒಮ್ಮೆ ಹಿಡಿದು ಕೆಲವು ಸೆಕೆಂಡು ಓಡಿ ಮತ್ತೆ ಸತ್ತಿತು. ಪೆಟ್ರೋಲ್ ಮುಗಿದಿರಬೇಕೆಂದು ಯಜಮಾನರು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿತು. ಒಳಗೆ ನೋಡಿದರೆ ಟ್ಯಾಂಕ್ ಮುಕ್ಕಾಲಿಗಿಂತ ಮೇಲೆಯೇ ತುಂಬಿತ್ತು. ಮುಚ್ಚಳ ಹಾಕಿ ಮತ್ತೆ ಜಗ್ಗಿದರು, ಎಂಜಿನ್ ತಕ್ಷಣ ಹಿಡಿಯಿತು. ಸಮಾಧಾನದಿಂದ ಮುಂದಿನ ಗೇರ್ ಹಾಕಿದರು. ಧಡ್ ಎಂಬ ಸದ್ದಿನೊಂದಿಗೆ ಎಂಜಿನ್ ಒಮ್ಮೆಲೇ ನಿಂತಿತು. ನೀರಿನಲ್ಲಿದ್ದ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಆಗ ಗೋಡೆ ಸುಮಾರು ತೊಂಬತ್ತು ಮೀಟರ್ ದೂರದಲ್ಲಿತ್ತು.

ಯಜಮಾನರು ಹಿಂಬದಿಯ ಹಲಗೆಯ ಮೇಲೆ ಹೊಟ್ಟೆಯೂರಿ, ಒಂದು ಕೈಯನ್ನು ನೀರಿಗಿಳಿಸಿ ಹಗ್ಗ ಎಳೆಯತೊಡಗಿದರು. ಗೋಡೆಯನ್ನು ನೋಡುತ್ತಿದ್ದವನು ಗೆಳೆಯ ಮಾತ್ರ. ಲಂಗರು ಎಲ್ಲಿದೆಯೆಂದು ಆತ ಕೇಳಿ, ಪಕ್ಕದ ಪೆಟ್ಟಿಗೆಯಲ್ಲಿ ಹಾಯಿಚೀಲಗಳ ಅಡಿಯಿಂದ ಅದನ್ನು ಹೊರತೆಗೆಯುವುದಕ್ಕೆ ಒಂದು ನಿಮಿಷ ಹಿಡಿಯಿತು. ಅರವತ್ತು ಮೀಟರ್ ಉಳಿದಿರುವಾಗ ಲಂಗರು ನೀರಿಗಿಳಿಯಿತು. ನೀರಿನ ಆಳ ನಾಲ್ಕು ಮೀಟರ್. ಇಪ್ಪತ್ತೈದು ಮೀಟರ್ ಹಗ್ಗ ಬಿಟ್ಟ ಮೇಲೆ ಲಂಗರು ಕಚ್ಚಿಕೊಂಡು, ದೋಣಿ ಮೂತಿಯನ್ನು ಗಾಳಿಗೆ ಕೊಟ್ಟು ನಿಂತಿತು. ಹಿಂಬದಿಗೂ ಕಲ್ಲಿಗೂ ಇದ್ದ ಅಂತರ ಮೂವತ್ತೈದು ಮೀಟರಿನಷ್ಟು. ಆಮೇಲೆ ಎಂಜಿನ್ನನ್ನು ಮೇಲಕ್ಕೆ ಮಡಚಿ, ಹಗ್ಗ ಬಿಡಿಸಿ, ಗಾಳಿ ತಿರುಪು ಬಿಚ್ಚಿ ಚಾಲೂ ಮಾಡಿ, ಲಂಗರೆತ್ತಿ ಒಳಗೆ ಹೋದರು.

ಎಂಜಿನ್ ನಿಂತದ್ದೇಕೆ

ಮೊದಲ ನಿಲುಗಡೆಯ ಕಾರಣ ಮುಚ್ಚಿದ ಗಾಳಿ ತಿರುಪು. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗಿನ ಒತ್ತಡ ತಗ್ಗುತ್ತಾ ಹೋಗಿ, ಪೆಟ್ರೋಲ್ ಕೆಳಗಿಳಿಯುವುದು ನಿಲ್ಲುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಇದ್ದಷ್ಟು ಮುಗಿಯುವವರೆಗೆ ಎಂಜಿನ್ ಓಡುತ್ತದೆ, ಆಮೇಲೆ ಸೊರಗುತ್ತದೆ. ಈ ಪ್ರಕರಣದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಟ್ಯಾಂಕ್ ಹೆಚ್ಚು ತುಂಬಿದ್ದಷ್ಟೂ ಪೆಟ್ರೋಲಿನ ಮೇಲಿರುವ ಗಾಳಿಯ ಜಾಗ ಚಿಕ್ಕದು, ಹಾಗಾಗಿ ಸ್ವಲ್ಪವೇ ಪೆಟ್ರೋಲ್ ಇಳಿದರೂ ಒತ್ತಡ ಬೇಗ ಕುಸಿಯುತ್ತದೆ. ಟ್ಯಾಂಕ್ ತುಂಬಿದೆಯೆಂಬ ಭರವಸೆಯಿಂದ ಯಜಮಾನರು ನಿಶ್ಚಿಂತರಾಗಿದ್ದರು. ತಿರುಪು ಮುಚ್ಚಿದ್ದ ಸ್ಥಿತಿಯಲ್ಲಿ ಎಂಜಿನ್ ಅಷ್ಟು ಬೇಗ ನಿಲ್ಲುವುದಕ್ಕೆ ಆ ತುಂಬಿದ ಟ್ಯಾಂಕೇ ನೆರವಾಯಿತು. ಮುಚ್ಚಳ ತೆರೆದಾಗ ಕೇಳಿದ ಸುಯ್ಯೆಂಬ ಸದ್ದು ಕಾಯಿಲೆಯನ್ನು ಸ್ಪಷ್ಟವಾಗಿ ಹೇಳಿತ್ತು. ಕಲ್ಲುಗೋಡೆ ಬೆನ್ನಿಗಿರುವಾಗ ಅದನ್ನು ಕೇಳಿಸಿಕೊಂಡು ಅರ್ಥಮಾಡಿಕೊಳ್ಳುವ ಶಾಂತಿ ಯಾರಿಗೂ ಇರುವುದಿಲ್ಲ. ಮುಚ್ಚಳವನ್ನು ಮತ್ತೆ ಬಿಗಿದು, ತಿರುಪನ್ನು ಮುಚ್ಚಿಯೇ ಬಿಟ್ಟಿದ್ದರಿಂದ, ಹಗ್ಗ ಸುತ್ತಿಕೊಳ್ಳದೆ ಹೋಗಿದ್ದರೂ ಎಂಜಿನ್ ಕೆಲವು ನಿಮಿಷಗಳಲ್ಲಿ ಮತ್ತೆ ನಿಲ್ಲುತ್ತಿತ್ತು, ಬಹುಶಃ ಬಂದರಿನ ಬಾಯಿಯ ನಟ್ಟನಡುವೆ.

ಎಂಜಿನ್ ಹೇಗೆ ನಿಂತಿತು ಎಂಬುದನ್ನು ಕಿವಿಯಿಂದ ಗುರುತಿಸುವ ಅಭ್ಯಾಸ ಇಲ್ಲಿ ಬೆಲೆಯುಳ್ಳದ್ದು. ಏರಿಳಿಯುತ್ತ ಸೊರಗಿ ನಿಂತರೆ ಪೆಟ್ರೋಲ್ ತಲುಪುತ್ತಿಲ್ಲವೆಂದು ತಿಳಿಯಬೇಕು. ಗಾಳಿ ತಿರುಪು, ಪೆಟ್ರೋಲ್ ಬಿಡುವ ನಲ್ಲಿ, ಹೊರ ಟ್ಯಾಂಕಿದ್ದರೆ ಅದರ ಕೊಳವೆಯ ಜೋಡಣೆ, ಇವನ್ನು ಮೊದಲು ನೋಡಬೇಕು. ಯಾವ ಸೂಚನೆಯೂ ಇಲ್ಲದೆ ದೀಪ ಆರಿಸಿದಂತೆ ತಟ್ಟನೆ ನಿಂತರೆ ಕಿಡಿ ಕಡಿದುಹೋಗಿದೆ. ಕಿಲ್ ಕಾರ್ಡ್‌ನ ಕ್ಲಿಪ್ ಜಾರಿದೆಯೇ ಎಂದು ಮೊದಲು ನೋಡದೆ ಹಗ್ಗ ಜಗ್ಗುತ್ತ ಹೋದರೆ, ಚೋಕ್ ಎಳೆದ ಎಂಜಿನ್ನಿಗೆ ಪೆಟ್ರೋಲ್ ಉಕ್ಕಿ ಪ್ಲಗ್ ಒದ್ದೆಯಾಗಿ ಇನ್ನೊಂದು ತೊಂದರೆಯನ್ನು ತಂದುಕೊಂಡಂತಾಗುತ್ತದೆ. ಧಡ್ಡೆಂದು ನಿಂತರೆ ಪ್ರೊಪೆಲ್ಲರಿಗೆ ಏನೋ ಸಿಕ್ಕಿದೆ. ಆಗ ಹಗ್ಗ ಜಗ್ಗುವುದೇ ತಪ್ಪು. ಈ ಪ್ರಕರಣದಲ್ಲಿ ಒಂದೇ ಎಂಜಿನ್ ಎರಡು ನಿಮಿಷಗಳ ಅಂತರದಲ್ಲಿ ಮೊದಲನೆಯ ಮತ್ತು ಮೂರನೆಯ ಬಗೆಗಳಲ್ಲಿ ನಿಂತಿತು, ಎರಡೂ ಸಲ ತನ್ನ ಕಾರಣವನ್ನು ತಾನೇ ಹೇಳಿತು.

ಕೈ ಬದಲಾಗುವ ಹೊತ್ತು

ಮೇಲಿನ ಎಲ್ಲ ತಪ್ಪುಗಳೂ ಸಣ್ಣವು. ಒಂದೊಂದಾಗಿ ಬಂದಿದ್ದರೆ ಯಾವುದೂ ಅಪಾಯ ತರುತ್ತಿರಲಿಲ್ಲ. ಅವುಗಳಿಗೆ ಬಲ ಬಂದದ್ದು ಒಂದು ನಿರ್ಧಾರದಿಂದ: ಎಂಜಿನ್ ಕೆಲಸ ಮಾಡುತ್ತದೆಯೆಂದು ಖಚಿತವಾಗುವ ಮೊದಲೇ ಎರಡು ಹಾಯಿಗಳನ್ನೂ ಇಳಿಸಿ ಬಿಗಿಯಾಗಿ ಕಟ್ಟಿಬಿಟ್ಟ ನಿರ್ಧಾರ. ಎಂಜಿನ್ ಹಿಡಿದ ಸದ್ದು ಕೇಳಿದೊಡನೆ ಅದನ್ನು ನಂಬುವುದು ಬಹಳ ಸಹಜ. ಆದರೆ ನ್ಯೂಟ್ರಲ್‌ನಲ್ಲಿ ಗುರುಗುಟ್ಟುವ ಎಂಜಿನ್ ಕಿಡಿ ಇದೆಯೆಂಬುದನ್ನು ಬಿಟ್ಟರೆ ಹೆಚ್ಚೇನನ್ನೂ ಸಾಬೀತು ಮಾಡುವುದಿಲ್ಲ. ಗಾಳಿ ತಿರುಪು ಮುಚ್ಚಿರುವುದು, ಪೆಟ್ರೋಲಿನಲ್ಲಿ ನೀರು ಬೆರೆತಿರುವುದು, ಎಂಜಿನ್ನನ್ನು ತಣಿಸುವ ನೀರು ಮೇಲೇರದಿರುವುದು, ಇವೆಲ್ಲ ಭಾರ ಹೊತ್ತು ಕೆಲವು ನಿಮಿಷ ಓಡಿದ ಮೇಲೆಯೇ ಹೊರಬೀಳುತ್ತವೆ. ಆದ್ದರಿಂದ ದೊಡ್ಡ ಹಾಯಿ ಇನ್ನೂ ಮೇಲಿರುವಾಗಲೇ, ಗಾಳಿ ತಳ್ಳುವ ದಿಕ್ಕಿನಲ್ಲಿ ಸಾಕಷ್ಟು ತೆರೆದ ನೀರು ಇರುವಾಗಲೇ, ಎಂಜಿನ್ನನ್ನು ಗೇರ್‌ನಲ್ಲಿ ಹಾಕಿ ಹತ್ತು ನಿಮಿಷವಾದರೂ ದುಡಿಸಿ ನೋಡಬೇಕು. ಮುಂದಕ್ಕೆ, ಹಿಂದಕ್ಕೆ ಎರಡೂ ಗೇರ್ ಹಾಕಿ ನೋಡಬೇಕು. ಹಿಂದಿನ ಗೇರ್‌ನಲ್ಲಿ ಎಂಜಿನ್ ತಾನಾಗಿ ಮೇಲಕ್ಕೆ ಮಡಚಿಕೊಳ್ಳದಂತೆ ತಡೆಯುವ ಕೊಂಡಿ ಸರಿಯಾಗಿ ಕಚ್ಚಿದೆಯೆಂಬುದೂ ಆಗಲೇ ತಿಳಿಯುತ್ತದೆ. ಎಂಜಿನ್ನಿನ ಬೆನ್ನಿಂದ ಆ ತಣಿಸುವ ನೀರು ತೆಳ್ಳನೆಯ ಧಾರೆಯಾಗಿ ಚಿಮ್ಮುವುದನ್ನು ನೋಡಿಕೊಂಡಿರಬೇಕು. ಮುನ್ನೂರು ಮೀಟರ್ ದೂರದಲ್ಲಿ ಶುರುಮಾಡಿದರೆ ಇಷ್ಟೆಲ್ಲಕ್ಕೆ ಜಾಗವೇ ಇರುವುದಿಲ್ಲ.

ದೊಡ್ಡ ಹಾಯಿಯೊಂದಿಗೇ ಇಕ್ಕಟ್ಟಾದ ಬಂದರು ಹೊಕ್ಕರೆ ನಿಯಂತ್ರಣ ತಪ್ಪುತ್ತದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಹದಿನೆಂಟು ನಾಟ್ ಗಾಳಿಯಲ್ಲಿ ಹಾಗೆ ಹೋಗಬೇಕೆಂದು ನಾನೂ ಹೇಳುವುದಿಲ್ಲ. ಹಾಯಿ ಇಳಿಸುವುದು ಬೇರೆ, ಅದನ್ನು ಕೈಗೆ ಸಿಗದಂತೆ ಕಟ್ಟಿಡುವುದು ಬೇರೆ. ಏರಿಸುವ ಹಗ್ಗವನ್ನು ಹಾಯಿಗೆ ಸಿಕ್ಕಿಸಿದ ಹಾಗೆಯೇ ಬಿಟ್ಟು, ಒಂದೆರಡು ಕಡೆ ಮಾತ್ರ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದ್ದರೆ, ಅರ್ಧ ನಿಮಿಷದಲ್ಲಿ ಹಾಯಿ ಮತ್ತೆ ಮೇಲಿರುತ್ತಿತ್ತು. ನೂರೈವತ್ತು ಮೀಟರ್ ಎಂದರೆ, ನಿಮಿಷಕ್ಕೆ ಮೂವತ್ತು ಮೀಟರಿನ ತೇಲಾಟದ ಲೆಕ್ಕದಲ್ಲಿ, ಐದು ನಿಮಿಷ. ಹಾಯಿ ಏರಿಸಿ ಗೋಡೆಯಿಂದ ದೂರ ಹೊರಳಿಕೊಳ್ಳಲು ಅದು ಬೇಕಾದಷ್ಟು ಸಮಯ. ಕಟ್ಟಿದ್ದ ಐದಾರು ಗಂಟುಗಳು ಮತ್ತು ಬಿಚ್ಚಿಟ್ಟ ಹಗ್ಗ ಆ ದಾರಿಯನ್ನು ಮುಚ್ಚಿದವು.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಎಂಜಿನ್ ಗೇರ್‌ಗೆ ಬಿದ್ದ ಕ್ಷಣದಿಂದ, ಹಾಯಿ ಮೇಲಿದ್ದರೂ, ಈ ದೋಣಿ ಹಾಯಿದೋಣಿಯಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ 3ನೆಯ ನಿಯಮ, ಎಂಜಿನ್ ಇದ್ದರೂ ಅದನ್ನು ಬಳಸದೆ ಹಾಯಿಯಿಂದ ಸಾಗುತ್ತಿರುವುದನ್ನು ಮಾತ್ರ ಹಾಯಿದೋಣಿಯೆಂದು ಕರೆಯುತ್ತದೆ. ಹಾಯಿದೋಣಿಗೆ ಸಿಗುವ ದಾರಿಯ ಹಕ್ಕು ಆಗ ಇಲ್ಲವಾಗುತ್ತದೆ. ಪರೀಕ್ಷೆಗೆಂದು ಎಂಜಿನ್ ನಡೆಸುವ ಆ ಹತ್ತು ನಿಮಿಷವೂ ಬೇರೆ ಹಾಯಿದೋಣಿಗಳಿಗೆ ದಾರಿ ಬಿಡಬೇಕಾದವರು ನಾವೇ. ಹಾಯಿ ಮತ್ತು ಎಂಜಿನ್ ಎರಡರಿಂದಲೂ ಸಾಗುವಾಗ ತುದಿ ಕೆಳಗಾದ ಶಂಕುವಿನ ಗುರುತನ್ನು ಮುಂಭಾಗದಲ್ಲಿ ತೋರಿಸಬೇಕೆಂದು 25ನೆಯ ನಿಯಮ ಹೇಳುತ್ತದೆ.

ಮೂತಿಗೆ ಹೋದವನ ತೂಕ

ಪ್ರೊಪೆಲ್ಲರ್ ನೀರಿನಿಂದ ಹೊರಬಂದದ್ದು ಅಲೆಯಿಂದ ಮಾತ್ರವಲ್ಲ. ಒಂದು ಟನ್ನಿನ ದೋಣಿಯಲ್ಲಿ ಎಪ್ಪತ್ತು ಕಿಲೋ ತೂಕದ ಮನುಷ್ಯ ಮೂತಿಯ ತುದಿಗೆ ಹೋದರೆ ಹಿಂಬದಿ ಕಾಣುವಷ್ಟು ಮೇಲೇಳುತ್ತದೆ. ಎಂಜಿನ್ನಿನ ತಳ್ಳುವಿಕೆ ಹೆಚ್ಚು ಬೇಕಾಗುವುದೂ ಅದೇ ಹೊತ್ತಿನಲ್ಲಿ, ಏಕೆಂದರೆ ಹಾಯಿ ಇಳಿಸುವಾಗ ಮೂತಿಯನ್ನು ಗಾಳಿಗೆದುರಾಗಿ ಹಿಡಿದಿಡುವುದು ಎಂಜಿನ್ನೇ. ಗಿಡ್ಡ ಕಾಲಿನ ಎಂಜಿನ್ನಿಗೆ ಈ ಎರಡೂ ಒಟ್ಟಿಗೆ ಎದುರಾದಾಗ ಉಳಿಯುವ ಅವಕಾಶ ಕಡಿಮೆ. ಕಲ್ಲುಗೋಡೆಗೆ ಬಡಿದು ಹಿಂದಿರುಗುವ ಅಲೆಗಳು ಬರುವ ಅಲೆಗಳೊಂದಿಗೆ ಸೇರಿ ಗೋಡೆಯ ಹತ್ತಿರದ ನೀರನ್ನು ಮತ್ತಷ್ಟು ಕಡಿದಾಗಿಸುತ್ತವೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್ ಕಿವಿಗೆ ಕಿರಿಕಿರಿ ಕೊಡುವುದಷ್ಟೇ ಅಲ್ಲ. ತಣಿಸುವ ನೀರನ್ನು ಹೀರುವ ಕಿಂಡಿಯೂ ಆ ಕಾಲಿನಲ್ಲೇ ಇರುವುದರಿಂದ ಅದೂ ಹೊರಗೆ ಬರುತ್ತದೆ. ನೀರನ್ನು ಮೇಲೆತ್ತುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ನೀರಿನ ಜಾರಿಕೆಯನ್ನೇ ನಂಬಿಕೊಂಡಿರುವಂಥದ್ದು. ಒಣಗಿ ತಿರುಗಿದರೆ ಅದರ ರೆಕ್ಕೆಗಳು ಬಹಳ ಬೇಗ ಸುಟ್ಟು ಸೀಳುತ್ತವೆ. ಬಂದರು ಸೇರಿದ ಮೇಲೆ ಬಿಚ್ಚಿ ನೋಡಿದಾಗ ಇದರ ಒಂದು ರೆಕ್ಕೆ ಬುಡದಲ್ಲಿ ಸೀಳಿತ್ತು. ಧಾರೆ ಬರುತ್ತಲೇ ಇದ್ದುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ.

ಸುಲಭವಾದ ಪರಿಹಾರಗಳಿವೆ. ಮುಂದಿನ ಹಾಯಿಯನ್ನು ತೆರೆದ ನೀರಿನಲ್ಲಿ, ದೊಡ್ಡ ಹಾಯಿಯ ಬಲದಿಂದಲೇ ಸಾಗುತ್ತಿರುವಾಗ, ಎಂಜಿನ್ ಬೇಕಾಗುವ ಮೊದಲೇ ಇಳಿಸಬಹುದು. ಎಂಜಿನ್ ಎಡಬದಿಯಲ್ಲಿ ಇರುವ ದೋಣಿ ಎಡಕ್ಕೆ ವಾಲಿದರೆ ಪ್ರೊಪೆಲ್ಲರ್ ಆಳಕ್ಕಿಳಿಯುತ್ತದೆ, ಬಲಕ್ಕೆ ವಾಲಿದರೆ ಮೇಲೇಳುತ್ತದೆ. ಆದ್ದರಿಂದ ಗಾಳಿ ಬಲಬದಿಯಿಂದ ಬರುವಂತೆ ದಾರಿ ಆರಿಸಿಕೊಳ್ಳುವುದು ಸಾಧ್ಯವಾದಾಗಲೆಲ್ಲ ಲಾಭದಾಯಕ. ಮೂತಿಯ ಕೆಲಸ ಮುಗಿದವರು ಕೂಡಲೇ ಹಿಂದಕ್ಕೆ ಬಂದು ಕೂರಬೇಕು.

ನೀರಿನಲ್ಲಿ ಬಿದ್ದ ಹಗ್ಗ

ಹಾಯಿದೋಣಿಯಲ್ಲಿ ಸಡಿಲ ಹಗ್ಗಗಳಿಗೆ ಕೊನೆಯಿಲ್ಲ, ಹಾಯಿ ಇಳಿಸುವ ಗಡಿಬಿಡಿಯಲ್ಲಿ ಅವು ನೀರಿಗೆ ಜಾರುವುದೂ ಸಾಮಾನ್ಯ. ಗೇರ್ ಹಾಕುವ ಮುಂಚೆ ಒಬ್ಬರು ದೋಣಿಯ ಎರಡೂ ಬದಿಯ ಅಂಚನ್ನು ಕಣ್ಣಿನಿಂದ ನೋಡಿ, ‘ಹಗ್ಗ ಎಲ್ಲ ಒಳಗೆ’ ಎಂದು ಬಾಯಿಬಿಟ್ಟು ಹೇಳುವುದು ರೂಢಿಯಾಗಬೇಕು. ಹೇಳುವವರು ಎಂಜಿನ್ ಹಿಡಿದವರಾಗಿರಬಾರದು, ಏಕೆಂದರೆ ಅವರ ಕಣ್ಣು ಹಿಂದಿರುತ್ತದೆ.

ಹಗ್ಗ ಸಿಕ್ಕಿಕೊಂಡ ಮೇಲೆ ಯಜಮಾನರು ಮಾಡಿದ ಕೆಲಸ ಈ ಇಡೀ ಪ್ರಕರಣದಲ್ಲಿ ಜೀವಕ್ಕೆ ಅತ್ಯಂತ ಹತ್ತಿರದ ಅಪಾಯ. ಗೇರ್ ಮುಂದಕ್ಕೇ ಇತ್ತು, ಕ್ಲಿಪ್ ತನ್ನ ಜಾಗದಲ್ಲೇ ಇತ್ತು, ಅವರ ಕೈ ಪ್ರೊಪೆಲ್ಲರಿನ ಮೇಲಿತ್ತು. ಗೇರ್‌ನಲ್ಲಿರುವ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಎಂಜಿನ್ನಿನ ಒಳಗಿನ ಅಚ್ಚೂ ತಿರುಗುತ್ತದೆ. ಬಿಸಿಯಾಗಿರುವ ಎಂಜಿನ್ ಹಾಗೆ ತಿರುಗಿದಾಗ ಕಿಡಿ ಹೊತ್ತಿ ಹಿಡಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಮೊದಲು ಕ್ಲಿಪ್ ಕಿತ್ತು ಜೇಬಿಗೆ ಹಾಕಬೇಕು, ಗೇರ್ ನ್ಯೂಟ್ರಲ್‌ಗೆ ತರಬೇಕು, ಎಂಜಿನ್ನನ್ನು ಮೇಲಕ್ಕೆ ಮಡಚಬೇಕು, ಆಮೇಲೆಯೇ ಹಗ್ಗಕ್ಕೆ ಕೈ ಹಚ್ಚಬೇಕು. ಅದೂ ದೋಣಿ ಲಂಗರಿನಲ್ಲಿ ನಿಂತ ನಂತರ. ತೇಲುತ್ತಿರುವ ದೋಣಿಯ ಹಿಂಬದಿಗೆ ನೇತುಬಿದ್ದವರಿಗೆ ಗೋಡೆ ಎಷ್ಟು ಹತ್ತಿರ ಬಂದಿದೆಯೆಂಬುದು ಕಾಣುವುದೇ ಇಲ್ಲ.

ಕಿಲ್ ಕಾರ್ಡ್

ವೇಗದ ದೋಣಿಗಳ ಸಾಧನವೆಂದು ಹಾಯಿದೋಣಿಯವರಲ್ಲಿ ಅನೇಕರು ಇದನ್ನು ಬದಿಗಿಡುತ್ತಾರೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಮಲ್ ಅಳಿವೆಯಲ್ಲಿ, ಕಿಲ್ ಕಾರ್ಡ್ ತೊಡದೆ ನಡೆಸುತ್ತಿದ್ದ ವೇಗದ ದೋಣಿಯಿಂದ ಅದರಲ್ಲಿದ್ದವರೆಲ್ಲ ನೀರಿಗೆ ಬಿದ್ದು, ಚಾಲಕರಿಲ್ಲದ ದೋಣಿ ಸುತ್ತು ಹೊಡೆದು ಅವರ ಮೇಲೆಯೇ ಹರಿದು ಇಬ್ಬರು ಸತ್ತ ನಂತರ, ಈ ಸಣ್ಣ ದಾರದ ಮಹತ್ವ ಬಹಳ ಜನರಿಗೆ ಮನದಟ್ಟಾಯಿತು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕದಾದ, 3 ಅಶ್ವಶಕ್ತಿ ಅಥವಾ ಹೆಚ್ಚಿನ ಎಂಜಿನ್ ಇರುವ, ಈ ವ್ಯವಸ್ಥೆ ಅಳವಡಿಸಿದ ದೋಣಿಗಳ ಚಾಲಕರು ಇದನ್ನು ಬಳಸಬೇಕೆಂಬ ನಿಯಮ ಜಾರಿಯಲ್ಲಿದೆ. ಆದರೆ ಅದು ದೋಣಿ ನೀರಿನ ಮೇಲೆ ಎದ್ದು ಓಡುವಂಥ ವೇಗಕ್ಕೆ ಅನ್ವಯಿಸುವುದರಿಂದ, ಐದು ನಾಟ್‌ನ ಹಾಯಿದೋಣಿ ನಿಯಮದ ಅಕ್ಷರದಿಂದ ಹೊರಗುಳಿಯುತ್ತದೆ. ಅಪಾಯದಿಂದ ಹೊರಗುಳಿಯುವುದಿಲ್ಲ. ಐದು ನಾಟ್ ಎಂದರೆ ಸೆಕೆಂಡಿಗೆ ಎರಡೂವರೆ ಮೀಟರ್, ಬಟ್ಟೆ ತೊಟ್ಟು ನೀರಿಗೆ ಬಿದ್ದ ಯಾರೂ ಅದನ್ನು ಈಜಿ ಹಿಡಿಯಲಾರರು. ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವ ಎಂಜಿನ್ನಿನ ಪ್ರೊಪೆಲ್ಲರ್, ಗೇರ್ ತಗ್ಗಿಸಿದ ಮೇಲೂ, ಸೆಕೆಂಡಿಗೆ ನಲವತ್ತು ಸುತ್ತಿನಷ್ಟು ತಿರುಗುತ್ತಿರುತ್ತದೆ.

ಯಜಮಾನರು ದಾರ ತೊಡದಿದ್ದುದಕ್ಕೆ ಅವರದೇ ಕಾರಣವಿತ್ತು. ಚುಕ್ಕಾಣಿ ಹಿಡಿದು ಅತ್ತಿತ್ತ ಸರಿಯುವಾಗ ದಾರ ಎಳೆದು, ಬೇಡದ ಹೊತ್ತಿನಲ್ಲಿ ಎಂಜಿನ್ ನಿಂತುಬಿಟ್ಟರೆ ಎಂಬ ಭಯ ಅದು. ಎಂಜಿನ್ ಒಂದು ಕಡೆ, ಚುಕ್ಕಾಣಿ ಇನ್ನೊಂದು ಕಡೆ ಇರುವ ದೋಣಿಯಲ್ಲಿ ಈ ಭಯ ಸುಳ್ಳಲ್ಲ. ಹಾಗೆಂದು ದಾರವನ್ನು ಬಿಡುವುದು ಪರಿಹಾರವಲ್ಲ. ಚುಕ್ಕಾಣಿಯ ಜಾಗದಲ್ಲಿ ಕೂತು ಅಳತೆ ನೋಡಿ, ಅಲ್ಲಿ ಸಡಿಲವಾಗಿದ್ದು ದೋಣಿಯಿಂದಾಚೆ ಬಿದ್ದರೆ ಮಾತ್ರ ಬಿಗಿಯಾಗುವಷ್ಟು ಉದ್ದದ ದಾರವನ್ನು ತೊಡೆಗೆ ಅಥವಾ ಲೈಫ್ ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಸಬೇಕು. ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆಯನ್ನು ಜನ ಮರೆಯುತ್ತಾರೆ. ದಾರ ತೊಟ್ಟವರು ನೀರಿಗೆ ಬಿದ್ದರೆ ಕ್ಲಿಪ್ಪೂ ಅವರೊಂದಿಗೇ ಹೋಗುತ್ತದೆ. ದೋಣಿಯಲ್ಲಿ ಉಳಿದವರು ಮತ್ತೆ ಎಂಜಿನ್ ಚಾಲೂ ಮಾಡಿ ಅವರನ್ನು ಎತ್ತಿಕೊಳ್ಳಲು ಬರಬೇಕಾದರೆ ಇನ್ನೊಂದು ಕ್ಲಿಪ್ ಕೈಗೆ ಸಿಗುವ ಜಾಗದಲ್ಲಿರಬೇಕು. ಈ ದೋಣಿಯಲ್ಲಿ ಇನ್ನೊಂದು ಕ್ಲಿಪ್ ಇರಲಿಲ್ಲ. ಇದ್ದಿದ್ದರೂ, ಗೆಳೆಯನಿಗೆ ಎಂಜಿನ್ ಚಾಲೂ ಮಾಡಲು ಯಾರೂ ಕಲಿಸಿರಲಿಲ್ಲ.

ಬಿಸಿ ಎಂಜಿನ್, ಪೆಟ್ರೋಲ್ ಡಬ್ಬಿ

ಟ್ಯಾಂಕ್ ತುಂಬಿದ್ದರಿಂದ ಡಬ್ಬಿ ತೆರೆಯುವ ಪ್ರಸಂಗ ಬರಲಿಲ್ಲ. ಬಂದಿದ್ದರೆ, ಅದೇ ಕುಣಿಯುವ ದೋಣಿಯಲ್ಲಿ, ಈಗಷ್ಟೇ ನಿಂತ ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ ಪೆಟ್ರೋಲ್ ಸುರಿಯಬೇಕಾಗುತ್ತಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹಾರಿಹೋಗದೆ, ದೋಣಿಯಲ್ಲಿ ಜನ ಕೂರುವ ತಗ್ಗಿನಲ್ಲಿ, ಪೆಟ್ಟಿಗೆಗಳಲ್ಲಿ ಇಳಿದು ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೂ ಹೊತ್ತಿಕೊಳ್ಳಲು ಸಾಕು. ಒಳಟ್ಯಾಂಕಿನ ಎಂಜಿನ್ ಇರುವವರು ಹೊರಡುವ ಮುನ್ನ ದಡದಲ್ಲಿ ತುಂಬಿಸಿಕೊಳ್ಳಬೇಕು; ನೀರಿನ ಮೇಲೆ ತುಂಬಿಸಲೇಬೇಕಾದರೆ ಹಾಯಿಯಲ್ಲೋ ಲಂಗರಿನಲ್ಲೋ ದೋಣಿ ಶಾಂತವಾಗಿರುವಾಗ, ಎಂಜಿನ್ ತಣಿದ ಮೇಲೆ. ಡಬ್ಬಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡದೆ, ಆವಿ ಹೊರಗೆ ಹರಿದುಹೋಗುವ ಜಾಗದಲ್ಲಿ ಕಟ್ಟಿಡಬೇಕು.

ಲಂಗರು

ದೋಣಿಯನ್ನು ಉಳಿಸಿದ್ದು ಲಂಗರು, ಮತ್ತು ಅದನ್ನು ನೆನಪಿಸಿಕೊಂಡ ಹೊಸಬ. ಅನುಭವಿಯ ಗಮನವೆಲ್ಲ ಎಂಜಿನ್ನನ್ನು ಸರಿಪಡಿಸುವುದರಲ್ಲಿ ಮುಳುಗಿತ್ತು; ಅದು ಅನುಭವಿಗಳಿಗೇ ಹೆಚ್ಚು ಒಗ್ಗುವ ಬಲೆ, ಏಕೆಂದರೆ ತಮ್ಮಿಂದ ಸರಿಹೋಗುತ್ತದೆಂಬ ನಂಬಿಕೆ ಅವರಿಗಿರುತ್ತದೆ. ಗಾಳಿ ದಡಕ್ಕೆ ತಳ್ಳುತ್ತಿರುವಾಗ ಎಂಜಿನ್ ನಿಂತರೆ ಮೊದಲ ಕೆಲಸ ದೋಣಿಯನ್ನು ನಿಲ್ಲಿಸುವುದು, ಎರಡನೆಯದು ಎಂಜಿನ್. ಆಳಕ್ಕೆ ಮೂತಿಯ ಎತ್ತರವನ್ನೂ ಸೇರಿಸಿ ಐದು ಪಟ್ಟು ಹಗ್ಗ ಬಿಟ್ಟಾಗ ಈ ಲಂಗರು ಕಚ್ಚಿತು. ಗಾಳಿ ಇನ್ನೂ ಬಲವಾಗಿದ್ದರೆ ಏಳು ಪಟ್ಟು ಬೇಕಾಗುತ್ತಿತ್ತು. ಲಂಗರಿನ ಹಗ್ಗಕ್ಕೂ ಜಾಗ ಬೇಕೆಂಬುದನ್ನು ಲೆಕ್ಕ ಹಾಕಬೇಕು: ಅರವತ್ತು ಮೀಟರಿನಲ್ಲಿ ಇಳಿಸಿದ ಲಂಗರು ದೋಣಿಯನ್ನು ಮೂವತ್ತೈದರಲ್ಲಿ ನಿಲ್ಲಿಸಿತು. ಇನ್ನೊಂದು ನಿಮಿಷ ಪೆಟ್ಟಿಗೆ ತಡಕಾಡಿದ್ದರೆ, ಆ ಹಗ್ಗ ಪೂರ್ತಿ ಬಿಟ್ಟ ಮೇಲೆ ಹಿಂಬದಿಗೂ ಕಲ್ಲಿಗೂ ನಡುವೆ ಐದು ಮೀಟರಷ್ಟೇ ಉಳಿಯುತ್ತಿತ್ತು.

ಆಮೇಲೆ ಬದಲಾದದ್ದು

ಗಾಳಿ ತಿರುಪಿನ ತಲೆಗೆ ಕೆಂಪು ಬಣ್ಣ ಬಳಿಯಲಾಗಿದೆ. ಎಂಜಿನ್ ಮಡಚುವಾಗ ತಿರುಪು ಮುಚ್ಚಿದವರು ಕಿಲ್ ಕಾರ್ಡ್‌ನ ಕ್ಲಿಪ್ಪನ್ನೂ ಕಿತ್ತು, ‘ತಿರುಪು’ ಎಂದು ಬರೆದ ಬಿಲ್ಲೆಯೊಂದಿಗೆ ಒಂದೇ ಕೊಕ್ಕೆಗೆ ತೂಗುಹಾಕುತ್ತಾರೆ. ಕ್ಲಿಪ್ ಇಲ್ಲದೆ ಎಂಜಿನ್ ಹಿಡಿಯುವುದಿಲ್ಲವಾದ್ದರಿಂದ ಬಿಲ್ಲೆ ಕಣ್ಣಿಗೆ ಬೀಳದೆ ಚಾಲೂ ಮಾಡುವುದು ಸಾಧ್ಯವಿಲ್ಲ. ನೆನಪನ್ನು ನಂಬುವುದಕ್ಕಿಂತ ಇಂಥ ಏರ್ಪಾಡು ಮೇಲೆಂದು ನನ್ನ ಅಭಿಪ್ರಾಯ. ಎರಡನೆಯ ಕ್ಲಿಪ್ ಒಳಬಾಗಿಲ ಪಕ್ಕದಲ್ಲಿದೆ. ಲಂಗರು ಈಗ ಮೂತಿಯಲ್ಲಿ, ಒಂದೇ ಕಟ್ಟಿನಲ್ಲಿದೆ. ಮುಂದಿನ ಹಾಯಿಯ ಶೀಟ್ ಹಗ್ಗಗಳನ್ನು ಹಿಂಬದಿ ತಲುಪದಷ್ಟು ಮೊಟಕು ಮಾಡಲಾಗಿದೆ, ಇದರಿಂದ ನೀರಿಗೆ ಬಿದ್ದರೂ ಪ್ರೊಪೆಲ್ಲರಿನವರೆಗೆ ಹೋಗಲಾರವು. ಇಂಪೆಲ್ಲರ್ ಬದಲಿಸಲಾಗಿದೆ, ಎಂಜಿನ್ ಬಿಗಿದ ತಿರುಪುಗಳ ಜೊತೆಗೆ ಹಿಂಬದಿಗೆ ಒಂದು ಸರಪಳಿಯೂ ಬಿದ್ದಿದೆ.

ಗೆಳೆಯ ಎಂಜಿನ್ ಚಾಲೂ ಮಾಡಲು, ಗೇರ್ ಹಾಕಲು, ಕಿವಿಯಿಂದ ಅದರ ದನಿ ಗುರುತಿಸಲು ಕಲಿತಿದ್ದಾನೆ. ಬಂದರಿಗೆ ಮರಳುವಾಗ ಎಂಜಿನ್ನಿನ ಹೊಣೆ ಈಗ ಅವನದು, ಚುಕ್ಕಾಣಿ ಯಜಮಾನರದು. ದಾರ ಮಾತ್ರ ಚುಕ್ಕಾಣಿ ಹಿಡಿದವರ ಮೈಮೇಲಿರುತ್ತದೆ, ಏಕೆಂದರೆ ದೋಣಿಯ ದಿಕ್ಕು ಅವರ ಕೈಯಲ್ಲಿದೆ. ಬದಲಾಗದೆ ಉಳಿದದ್ದು ಎಂಜಿನ್ನಿನ ಗಿಡ್ಡ ಕಾಲು. ಚೌಕಟ್ಟನ್ನು ಕೆಳಗಿನ ರಂಧ್ರಗಳಿಗೆ ಇಳಿಸಿ ಒಂದಿಷ್ಟು ಆಳ ಗಳಿಸಿಕೊಂಡಿದ್ದಾರೆ, ಆದರೆ 20 ಅಂಗುಲದ ಎಂಜಿನ್ ಬರುವವರೆಗೆ, ಗಾಳಿ ದಡದತ್ತ ಬಲವಾಗಿ ಬೀಸುವ ಮಧ್ಯಾಹ್ನಗಳಲ್ಲಿ ಆ ಬಾಯಿಯೊಳಗೆ ಎಂಜಿನ್ನಿನಿಂದ ಹೋಗದೆ, ಹೊರಗೆ ಗಾಳಿ ತಗ್ಗುವ ತನಕ ಹಾಯಿಯಲ್ಲೇ ಕಾಯುವುದೆಂದು ಇಬ್ಬರೂ ಒಪ್ಪಿದ್ದಾರೆ.